ಬಿಲ್ಲಿಗೆ ಹೊಂದಿದ ಮಾದರಿ ಕಟ್ಟಡಕ್ಕೂ ಹೊಂದುತ್ತದೆಯೆ?

ಕಟ್ಟಡವೊಂದರ ಒಳಗೆ ಶಾಖ ಯಾವ ದಾರಿಯಿಂದ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಅದನ್ನು ಹೊರಹಾಕಲು ಎಷ್ಟು ವಿದ್ಯುತ್ ಬೇಕು ಎಂಬುದನ್ನು ಗಂಟೆ ಗಂಟೆಯ ಲೆಕ್ಕದಲ್ಲಿ ಹೇಳುವ ಗಣಕ ತಂತ್ರಾಂಶಗಳು ಈಗ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿವೆ. ಇವುಗಳಲ್ಲಿ ಹೆಸರಾದ ಎನರ್ಜಿಪ್ಲಸ್ ಅಮೆರಿಕದ ಇಂಧನ ಇಲಾಖೆಯ ನೆರವಿನಿಂದ ಸಿದ್ಧವಾಗಿ 2001ರಲ್ಲಿ ಬಿಡುಗಡೆಯಾಯಿತು. ಹಣ ಕೊಡದೆ ಯಾರು ಬೇಕಾದರೂ ಪಡೆಯಬಹುದು. ಗೋಡೆಯ ದಪ್ಪ, ಚಾವಣಿಯ ವಸ್ತು, ಕಿಟಕಿಯ ದಿಕ್ಕು, ಒಳಗಿರುವ ಜನರ ಸಂಖ್ಯೆ, ದೀಪ-ಫ್ಯಾನುಗಳ ವಾಟ್, ಊರಿನ ಹವಾಮಾನ ಇಷ್ಟನ್ನು ಕೊಟ್ಟರೆ ಸಾಕು. ವರ್ಷದ 8760 ಗಂಟೆಗಳಿಗೂ ಉತ್ತರ ಸಿದ್ಧ.

ಆದರೆ ಹೀಗೆ ಬಂದ ಉತ್ತರ ಮೀಟರಿನ ಲೆಕ್ಕದೊಡನೆ ಮೊದಲ ಸಲವೇ ಕೂಡುವುದು ಅಪರೂಪ. ಆದ್ದರಿಂದ ಮಾದರಿಯ ಕೆಲವು ಅಂಕಿಗಳನ್ನು ತಿದ್ದಿ ತಿದ್ದಿ, ಅದು ಹೇಳುವ ಬಳಕೆಯನ್ನು ಅಳೆದ ಬಳಕೆಗೆ ಹತ್ತಿರ ತರುತ್ತಾರೆ. ಇದಕ್ಕೆ ಕ್ಯಾಲಿಬ್ರೇಷನ್ ಎಂದು ಹೆಸರು. ನಾವು ಇಲ್ಲಿ ಹೊಂದಾಣಿಕೆ ಎನ್ನೋಣ. ತಾಪಮಾಪಕದ ಕ್ಯಾಲಿಬ್ರೇಷನ್ನಿಗೂ ಇದಕ್ಕೂ ಹೆಸರು ಒಂದೇ, ಸ್ವಭಾವ ಬೇರೆ. ತಾಪಮಾಪಕದಲ್ಲಿ ತಿಳಿಯದಿರುವುದು ಒಂದೋ ಎರಡೋ ಅಂಕಿ. ಅವನ್ನು ತಿಳಿಯಲು ಕರಗುವ ಮಂಜುಗಡ್ಡೆ ಇದೆ, ಕುದಿಯುವ ನೀರಿದೆ. ಕಟ್ಟಡದ ಮಾದರಿಯಲ್ಲಿ ತಿಳಿಯದ ಅಂಕಿಗಳು ಹತ್ತಾರು; ಎದುರಿಗೆ ಇರುವುದು ವರ್ಷದ 12 ಬಿಲ್ಲುಗಳು.

ಈ ಹೊಂದಾಣಿಕೆಯನ್ನು ಈಗ ಮಾಡುತ್ತಿರುವ ರೀತಿಯ ಬಗ್ಗೆಯೇ ನನ್ನ ತಕರಾರು. ಬಿಲ್ಲಿಗೆ ಹೊಂದಿದ ಮಾತ್ರಕ್ಕೆ ಮಾದರಿ ಕಟ್ಟಡವನ್ನು ಅರಿತಿದೆ ಎಂದು ತಿಳಿಯುವುದು ತಪ್ಪು. ಹವಾನಿಯಂತ್ರಣ ಇಲ್ಲದ ಮನೆ-ಶಾಲೆಗಳೇ ಹೆಚ್ಚಾಗಿರುವ ವಿಜಯಪುರ, ತಿಕೋಟಾ, ಬಬಲೇಶ್ವರದಂಥ ಊರುಗಳಲ್ಲಿ ಈ ತಪ್ಪು ಬರಿಯ ಪುಸ್ತಕದ ತಪ್ಪಾಗಿ ಉಳಿಯುವುದಿಲ್ಲ. ಯಾವ ದುರಸ್ತಿಗೆ ಹಣ ಹಾಕಬೇಕು, ಯಾವ ಚಾವಣಿಯನ್ನು ಮೊದಲು ಸರಿಪಡಿಸಬೇಕು ಎಂಬ ತೀರ್ಮಾನವನ್ನೇ ಅದು ಅಡ್ಡದಾರಿಗೆ ಎಳೆಯುತ್ತದೆ.

ಮೊದಲು ಒರೆಗಲ್ಲು ಯಾವುದೆಂದು ನೋಡೋಣ. ಹೆಚ್ಚಿನ ಪ್ರಾಜೆಕ್ಟ್ ವರದಿಗಳು ತೋರಿಸುವ ಆಧಾರ ಅಮೆರಿಕದ ಶಾಖ, ಶೈತ್ಯ ಮತ್ತು ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇ 2002ರಲ್ಲಿ ಹೊರತಂದು 2014ರಲ್ಲಿ ಪರಿಷ್ಕರಿಸಿದ ಗೈಡ್‌ಲೈನ್ 14. ಅದು ಎರಡು ಅಂಕಿಗಳನ್ನು ಕೇಳುತ್ತದೆ. ಒಂದು, ಅಳೆದದ್ದಕ್ಕೂ ಲೆಕ್ಕ ಹಾಕಿದ್ದಕ್ಕೂ ಇರುವ ವ್ಯತ್ಯಾಸಗಳನ್ನೆಲ್ಲ ಕೂಡಿಸಿ, ಅಳತೆಯ ಸರಾಸರಿಯ ಶೇಕಡದಲ್ಲಿ ಹೇಳುವುದು. ಮಾದರಿ ಒಟ್ಟಿನಲ್ಲಿ ಹೆಚ್ಚು ಹೇಳುತ್ತಿದೆಯೋ ಕಡಿಮೆ ಹೇಳುತ್ತಿದೆಯೋ ಎಂಬುದು ಇದರಿಂದ ತಿಳಿಯುತ್ತದೆ. ಇದನ್ನು ವಾಲಿಕೆ ಎನ್ನೋಣ. ಇನ್ನೊಂದು, ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿ, ಸರಾಸರಿ ತೆಗೆದು, ವರ್ಗಮೂಲ ಕಂಡು, ಅದನ್ನು ಅಳತೆಯ ಸರಾಸರಿಯಿಂದ ಭಾಗಿಸುವುದು. ಇದು ಚದುರಿಕೆ. ತಿಂಗಳ ಲೆಕ್ಕವಾದರೆ ವಾಲಿಕೆ ಶೇ. 5ರೊಳಗೆ, ಚದುರಿಕೆ ಶೇ. 15ರೊಳಗೆ ಇರಬೇಕು. ಗಂಟೆಯ ಲೆಕ್ಕವಾದರೆ ಶೇ. 10 ಮತ್ತು ಶೇ. 30. ಈ ಮಿತಿಯೊಳಗೆ ಬಂದರೆ ಮಾದರಿ ‘ಹೊಂದಾಣಿಕೆಯಾಗಿದೆ’.

ಈ ಒರೆಗಲ್ಲನ್ನೇ ಒಮ್ಮೆ ಒರೆಗೆ ಹಚ್ಚೋಣ. ವಿಜಯಪುರ ನಗರದಲ್ಲಿ ಒಂದು ಎಸಿ, ಕೆಲವು ಕಂಪ್ಯೂಟರು, ಫ್ಯಾನುಗಳಿರುವ ಸಣ್ಣ ಕಚೇರಿಯನ್ನು ಕಲ್ಪಿಸಿಕೊಳ್ಳಿ. ಜನವರಿಯಿಂದ ಡಿಸೆಂಬರ್‌ವರೆಗೆ ಅದರ ಬಳಕೆ 410, 420, 510, 570, 580, 500, 450, 430, 430, 420, 400, 400 ಯೂನಿಟ್ ಎಂದಿಟ್ಟುಕೊಳ್ಳೋಣ. ಬೇಸಿಗೆಯಲ್ಲಿ ಏರಿ ಮಳೆಗಾಲದಲ್ಲಿ ಇಳಿಯುವ, ನಮ್ಮ ಕಡೆ ಒಪ್ಪುವಂಥ ಅಂಕಿಗಳು. ಒಟ್ಟು 5520, ಸರಾಸರಿ 460. ಈಗ ಅತ್ಯಂತ ಸುಲಭವಾದ ಒಂದು ‘ಮಾದರಿ’ ಕಟ್ಟೋಣ. ಅದರಲ್ಲಿ ಗೋಡೆ ಇಲ್ಲ, ಚಾವಣಿ ಇಲ್ಲ, ಸೂರ್ಯನೂ ಇಲ್ಲ. ಪ್ರತಿ ತಿಂಗಳೂ 460 ಎಂದು ಮಾತ್ರ ಅದು ಹೇಳುತ್ತದೆ. ವಾಲಿಕೆ ಸೊನ್ನೆ. ವ್ಯತ್ಯಾಸಗಳ ವರ್ಗಗಳ ಮೊತ್ತ 45,400. ನಿಯಮದಂತೆ 11ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 64. 460ಕ್ಕೆ ಹೋಲಿಸಿದರೆ ಶೇ. 14. ಪಾಸು!

ಇದು ತಮಾಷೆಗಾಗಿ ಮಾಡಿದ ಲೆಕ್ಕವಲ್ಲ. ಭೌತವಿಜ್ಞಾನವೇ ಇಲ್ಲದ ಮಾದರಿಯನ್ನು ಪಾಸು ಮಾಡುವ ಪರೀಕ್ಷೆ, ಭೌತವಿಜ್ಞಾನ ತುಂಬಿದ ಮಾದರಿಯನ್ನು ಪಾಸು ಮಾಡಿದಾಗ ಆ ಭೌತವಿಜ್ಞಾನ ಸರಿಯಿದೆ ಎಂದು ಹೇಳಿದಂತೆ ಆಗುವುದಿಲ್ಲ. ಚಳಿಗಾಲದಲ್ಲಿ ಹಿಮ ಬೀಳುವ ಊರಿನಲ್ಲಿ ಶಾಖ ನೀಡುವ ವೆಚ್ಚ ತಿಂಗಳಿಂದ ತಿಂಗಳಿಗೆ ಹಲವು ಪಟ್ಟು ಬದಲಾಗುತ್ತದೆ. ಅಲ್ಲಿ 460ರಂಥ ಉತ್ತರ ಕೂಡಲೇ ಸಿಕ್ಕಿಬೀಳುತ್ತದೆ. ನಮ್ಮ ಬಿಲ್ಲು ಹೆಚ್ಚುಕಡಿಮೆ ಸಮತಟ್ಟು. ಸಮತಟ್ಟಾದ ಬಿಲ್ಲಿನ ಮುಂದೆ ಶೇ. 15 ಎಂಬುದು ಬಹಳ ಅಗಲವಾದ ಬಾಗಿಲು. ಶಿಕ್ಷಕರು ತರಗತಿಯಲ್ಲಿ ವಿದ್ಯಾರ್ಥಿಗಳ ಮನೆಯ ಬಿಲ್ಲುಗಳಿಂದಲೇ ಈ ಲೆಕ್ಕ ಮಾಡಿಸಿ ನೋಡಬಹುದು. ರೂಪಾಯಿಯ ಮೊತ್ತ ಬೇಡ, ಯೂನಿಟ್ ತೆಗೆದುಕೊಳ್ಳಿ. 2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿಯ ಬಿಲ್ಲುಗಳು ಬರತೊಡಗಿದ ಮೇಲೆ ಬಹಳ ಮನೆಗಳ ಮೊತ್ತದ ಸಾಲಿನಲ್ಲಿ ಸೊನ್ನೆ ಇರುತ್ತದೆ. ರೀಡಿಂಗ್ ತೆಗೆದ ತಾರೀಖನ್ನೂ ಗಮನಿಸಿ. ಒಂದು ಬಿಲ್ಲು 28 ದಿನದ್ದು, ಇನ್ನೊಂದು 33 ದಿನದ್ದಾದರೆ ಅಲ್ಲೇ ಶೇ. 15ಕ್ಕಿಂತ ಹೆಚ್ಚು ವ್ಯತ್ಯಾಸ ಬಂದುಹೋಗುತ್ತದೆ.

ಗೈಡ್‌ಲೈನ್ ಬರೆದವರನ್ನು ದೂರಿ ಪ್ರಯೋಜನವಿಲ್ಲ. ದುರಸ್ತಿ ಮಾಡಿದ ಮೇಲೆ ಎಷ್ಟು ಉಳಿತಾಯವಾಯಿತು ಎಂದು ಅಳೆಯುವುದಕ್ಕಾಗಿ, ಮುಖ್ಯವಾಗಿ ಹವಾನಿಯಂತ್ರಿತ ಕಟ್ಟಡಗಳನ್ನು ಕಣ್ಣ ಮುಂದಿಟ್ಟುಕೊಂಡು ಅವರು ಈ ಮಿತಿಗಳನ್ನು ಕೊಟ್ಟರು. ಆ ಮಿತಿಯೊಳಗೆ ಬಾರದ ಮಾದರಿಯನ್ನು ನಂಬಬಾರದು ಎಂಬಷ್ಟಕ್ಕೆ ಅದು ಸರಿ. ಮಿತಿಯೊಳಗೆ ಬಂದದ್ದನ್ನೆಲ್ಲ ನಂಬಬಹುದು ಎಂದು ಅದನ್ನು ತಿರುವಿ ಓದಿದವರು ನಾವು. ಗಣಿತದ ಮೇಷ್ಟ್ರು ಅವಶ್ಯಕ ನಿಬಂಧನೆ ಮತ್ತು ಪರ್ಯಾಪ್ತ ನಿಬಂಧನೆಗಳ ವ್ಯತ್ಯಾಸ ಹೇಳಿಕೊಡುವುದು ಇಂಥ ಕಡೆ ಬಳಸಲೆಂದೇ.

ಸರಾಸರಿಯಲ್ಲಿ ಹೊಂದಿ ಬಿಡಿಬಿಡಿಯಾಗಿ ಹೊಂದದಿರುವುದಕ್ಕೆ ದೊಡ್ಡ ಪ್ರಮಾಣದ ಉದಾಹರಣೆಯೂ ಇದೆ. ಅಮೆರಿಕದಲ್ಲಿ ಹಸಿರು ಕಟ್ಟಡವೆಂದು ಲೀಡ್ ಪ್ರಮಾಣಪತ್ರ ಪಡೆದ 121 ಕಟ್ಟಡಗಳ ನಿಜವಾದ ಬಳಕೆಯನ್ನು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪರಿಶೀಲಿಸಿತು. ಎಲ್ಲವನ್ನೂ ಒಟ್ಟುಗೂಡಿಸಿ ನೋಡಿದರೆ ಅಂದಾಜು ಮತ್ತು ಅಳತೆ ಸಾಕಷ್ಟು ಹತ್ತಿರವಿದ್ದವು. ಒಂದೊಂದನ್ನೇ ನೋಡಿದರೆ ಕೆಲವು ಅಂದಾಜಿನ ಎರಡು ಪಟ್ಟಿಗಿಂತ ಹೆಚ್ಚು ಬಳಸುತ್ತಿದ್ದವು, ಕೆಲವು ಅದರ ಅರ್ಧದಷ್ಟು ಮಾತ್ರ. ತಪ್ಪುಗಳು ಒಂದನ್ನೊಂದು ತಿಂದುಹಾಕಿ ಸರಾಸರಿಯನ್ನು ಚೆಂದ ಕಾಣಿಸಿದ್ದವು. ಇದೇ ಆಟ ಒಂದೇ ಕಟ್ಟಡದ ಒಳಗೂ ನಡೆಯುತ್ತದೆ.

ಅದನ್ನು ಕಾಣಲು ತಿಕೋಟಾದ ಕಡೆ ಹೋಗೋಣ. ಈ ಭಾಗ ದ್ರಾಕ್ಷಿಗೂ ಒಣದ್ರಾಕ್ಷಿಗೂ ಹೆಸರಾದದ್ದು. ಶೆಡ್ಡಿನಲ್ಲಿ ಒಣಗಿಸಿದ ಮಣೂಕ ಬಣ್ಣಗೆಡದಂತೆ, ಹುಳ ಬೀಳದಂತೆ ಉಳಿಯಬೇಕಾದರೆ ಶೈತ್ಯಾಗಾರ ಬೇಕು. ಅಲ್ಲಿ ವಿದ್ಯುತ್ತಿನ ಖರ್ಚು ಕೊನೆಗೆ ರೈತ ಕೊಡುವ ಬಾಡಿಗೆಯಲ್ಲೇ ಬರುತ್ತದೆ. ಲೆಕ್ಕಕ್ಕಾಗಿ ಒಂದು ಶೈತ್ಯಾಗಾರವನ್ನು ಊಹಿಸೋಣ: ಒಳಗಿನ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್, ಹೊರಗಿನ ಸರಾಸರಿ 29 ಡಿಗ್ರಿ, ಗೋಡೆ-ಚಾವಣಿಗಳ ಒಟ್ಟು ವಿಸ್ತೀರ್ಣ 1600 ಚದರ ಮೀಟರ್. ತಿಂಗಳ ಬಳಕೆ 5760 ಯೂನಿಟ್, ಅಂದರೆ ಸರಾಸರಿ 8 ಕಿಲೋವಾಟ್. ಯಂತ್ರವು ತಾನು ತಿಂದ ವಿದ್ಯುತ್ತಿನ 2.5 ಪಟ್ಟು ಶಾಖವನ್ನು ಹೊರಹಾಕುತ್ತದೆ ಎಂದರೆ, ಒಳಗೆ ಬರುತ್ತಿರುವ ಶಾಖ 20 ಕಿಲೋವಾಟ್.

ಈ 20 ಕಿಲೋವಾಟ್ ಯಾವ ದಾರಿಯಿಂದ ಬಂತು? ಮೊದಲನೆಯ ಮಾದರಿಕಾರ ಹೇಳುತ್ತಾನೆ: ಪಫ್ ಪ್ಯಾನೆಲ್ ಹಳೆಯದಾಗಿ ತೇವ ಹಿಡಿದಿದೆ, ಒಂದು ಡಿಗ್ರಿ ಅಂತರಕ್ಕೆ ಚದರ ಮೀಟರಿಗೆ 0.40 ವಾಟ್ ಸೋರುತ್ತಿದೆ. 0.40 × 1600 × 25, ಅಂದರೆ 16 ಕಿಲೋವಾಟ್ ಗೋಡೆಯಿಂದ. ಬಾಗಿಲು ತೆರೆದಾಗ ನುಗ್ಗುವ ಗಾಳಿಯಿಂದ ಉಳಿದ 4. ಎರಡನೆಯವನು ಹೇಳುತ್ತಾನೆ: ಪ್ಯಾನೆಲ್ ಚೆನ್ನಾಗಿಯೇ ಇದೆ, ಸೋರಿಕೆ 0.25 ಮಾತ್ರ. ಗೋಡೆಯಿಂದ 10, ಬಾಗಿಲಿನಿಂದ 10. ಎರಡೂ ಕೂಡಿದರೆ 20. ಎರಡೂ ಬಿಲ್ಲಿಗೆ ಹೊಂದುತ್ತವೆ. ಗೋಡೆಯ ಶಾಖವೂ ಗಾಳಿಯ ಶಾಖವೂ ಹೊರಗಿನ ಉಷ್ಣತೆಯೊಡನೆ ಜೊತೆಯಾಗಿಯೇ ಏರಿಳಿಯುವುದರಿಂದ 12 ತಿಂಗಳ ಬಿಲ್ಲುಗಳಿಗೂ ಹೊಂದುತ್ತವೆ. ಮಳೆಗಾಲದ ತೇವದ ಗಾಳಿ ಎರಡನೆಯ ಮಾದರಿಯಲ್ಲಿ ತುಸು ಹೆಚ್ಚು ಬಳಕೆ ತೋರಿಸಬಹುದು. ಆದರೆ ಆ ತುಸು ಶೇ. 15ರ ಒಳಗೆ ಅಡಗಿಹೋಗುತ್ತದೆ.

ಈಗ ಮಾಲೀಕ ಕೇಳುತ್ತಾನೆ: ನನ್ನ ಹತ್ತಿರ ಒಂದು ಕೆಲಸಕ್ಕಷ್ಟೇ ಹಣವಿದೆ, ಪ್ಯಾನೆಲ್ ಮೇಲೆ ಇನ್ನೊಂದು ಪದರ ಹಾಕಲೋ, ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಯ ಪರದೆ ಹಾಕಿ ಆಳುಗಳಿಗೆ ಶಿಸ್ತು ಕಲಿಸಲೋ? ಗೋಡೆಯ ಸೋರಿಕೆ ಅರ್ಧಕ್ಕೆ ಇಳಿದರೆ ಮೊದಲ ಮಾದರಿಯಲ್ಲಿ ಉಳಿತಾಯ ಶೇ. 40, ಎರಡನೆಯದರಲ್ಲಿ ಶೇ. 25. ಬಾಗಿಲಿನ ಸೋರಿಕೆ ಅರ್ಧವಾದರೆ ಮೊದಲನೆಯದರಲ್ಲಿ ಶೇ. 10, ಎರಡನೆಯದರಲ್ಲಿ ಶೇ. 25. ಪರದೆಗೆ ಸಾವಿರಗಳು ಸಾಕು, ಪದರಕ್ಕೆ ಲಕ್ಷಗಳು ಬೇಕು. ಎರಡನೆಯ ಮಾದರಿ ನಿಜವಾಗಿದ್ದರೆ ಮೊದಲನೆಯದನ್ನು ನಂಬಿದ ಮಾಲೀಕ ಲಕ್ಷಗಳನ್ನು ಖರ್ಚು ಮಾಡಿ, ಪರದೆಯೊಂದರಿಂದಲೇ ಸಿಗುತ್ತಿದ್ದಷ್ಟು ಉಳಿತಾಯ ಪಡೆಯುತ್ತಾನೆ. ಎರಡೂ ವರದಿಗಳ ಕೊನೆಯಲ್ಲಿ ಗೈಡ್‌ಲೈನ್ 14ಕ್ಕೆ ಅನುಗುಣವಾಗಿದೆ ಎಂಬ ಸಾಲು ಮಾತ್ರ ಒಂದೇ ಆಗಿರುತ್ತದೆ.

ಇದನ್ನು ಬಿಡಿಸಲು ಇನ್ನೂ ನೂರು ಬಿಲ್ಲು ತಂದರೂ ಆಗದು. ಒಂದು ರಾತ್ರಿ ಸಾಕು. ಸರಕು ತುಂಬಿ ಒಳಗಿನ ಉಷ್ಣತೆ ಸ್ಥಿರವಾಗಿರುವಾಗ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಾಗಿಲಿಗೆ ಬೀಗ ಹಾಕಿ ಮೀಟರ್ ಬರೆದುಕೊಳ್ಳಬೇಕು. ಹೊರಗೆ 24 ಡಿಗ್ರಿ ಇದ್ದರೆ ಅಂತರ 20 ಡಿಗ್ರಿ. ಮೊದಲ ಮಾದರಿಯ ಪ್ರಕಾರ ಬರುವ ಶಾಖ 12.8 ಕಿಲೋವಾಟ್, ಎರಡನೆಯದರ ಪ್ರಕಾರ 8. ಎಂಟು ಗಂಟೆಗೆ ಮೀಟರ್ ಕ್ರಮವಾಗಿ ಸುಮಾರು 41 ಮತ್ತು 26 ಯೂನಿಟ್ ತೋರಿಸಬೇಕು. ಇಷ್ಟು ಅಂತರವನ್ನು ಸಾಧಾರಣ ಮೀಟರ್ ಕೂಡ ಹಿಡಿಯುತ್ತದೆ. ರಾತ್ರಿಯ ತಂಪಿನಲ್ಲಿ ಯಂತ್ರದ ದಕ್ಷತೆ ಸ್ವಲ್ಪ ಏರುತ್ತದೆ, ಒಳಗಿನ ಫ್ಯಾನುಗಳೂ ಶಾಖ ಕೊಡುತ್ತವೆ. ಅವೆರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ನಿಜ. ಆದರೂ 41 ಮತ್ತು 26ರ ನಡುವಿನ ಅಂತರ ಅವುಗಳಿಂದ ಮುಚ್ಚಿಹೋಗುವುದಿಲ್ಲ. ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ನಾವು ಕಲಿಸುವುದೂ ಇದನ್ನೇ ಅಲ್ಲವೆ? ಎರಡು ಕಾರಣಗಳು ಕೂಡಿ ಕೆಲಸ ಮಾಡುವಾಗ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಅಳೆಯುತ್ತೇವೆ. ಗಣಕದ ಮುಂದೆ ಕುಳಿತೊಡನೆ ಅದು ಮರೆತುಹೋಗುವುದೇಕೋ ತಿಳಿಯದು.

ಶೈತ್ಯಾಗಾರದ ಬಿಲ್ಲಿನಲ್ಲಿ ಕಟ್ಟಡದ ಸುದ್ದಿ ಕಲಸಿಹೋಗಿಯಾದರೂ ಇರುತ್ತದೆ. ಬಬಲೇಶ್ವರದ ಸುತ್ತಿನ ಹಳ್ಳಿಯ ಶಾಲೆಯಲ್ಲಿ ಅದೂ ಇಲ್ಲ. ಒಂದು ಕೋಣೆಯಲ್ಲಿ 75 ವಾಟಿನ ನಾಲ್ಕು ಫ್ಯಾನು, 40 ವಾಟಿನ ನಾಲ್ಕು ಟ್ಯೂಬ್‌ಲೈಟು. ದಿನಕ್ಕೆ 6 ಗಂಟೆಯಂತೆ 25 ದಿನ ನಡೆದರೆ 69 ಯೂನಿಟ್. ಮೇಲಿರುವುದು ಪತ್ರಾ ಆಗಿರಲಿ, ಆರ್‌ಸಿಸಿ ಆಗಿರಲಿ, ಹಳೆಯ ಮಣ್ಣಿನ ಮೇಲ್ಮುದ್ದಿಯಾಗಿರಲಿ, 69ಕ್ಕೆ 69. ಈ ಬಿಲ್ಲಿಗೆ ಚಾವಣಿಯ ಪರಿಚಯವೇ ಇಲ್ಲ. ಹೀಗಿರುವಾಗ ಬಿಲ್ಲಿಗೆ ಹೊಂದಿಸಿದ ಮಾದರಿಯಿಂದ ‘ಚಾವಣಿಗೆ ಬಿಳಿ ಬಣ್ಣ ಬಳಿದರೆ ಇಂತಿಷ್ಟು ಯೂನಿಟ್ ಉಳಿತಾಯ’ ಎಂದು ಲೆಕ್ಕ ತೆಗೆಯುವುದಕ್ಕೆ ಅರ್ಥವಿಲ್ಲ. ಉತ್ತರ ಸೊನ್ನೆ ಎಂದೇ ಬರುತ್ತದೆ. ಆ ಸೊನ್ನೆಯನ್ನು ಓದಿದವರು ಬಣ್ಣ ಬೇಡವೆಂದು ತೀರ್ಮಾನಿಸುತ್ತಾರೆ. ಪತ್ರಾದ ಕೆಳಗೆ ಮಧ್ಯಾಹ್ನ ಮೂರರ ಪಾಠ ಕೇಳುವ ಮಕ್ಕಳ ಪಾಡು ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಸರಕಾರಿ ಶಾಲೆ-ಕಾಲೇಜುಗಳಿಗೆ ಉಚಿತ ವಿದ್ಯುತ್ ಕೊಡುವುದಾಗಿ 2023ರ ನವೆಂಬರ್ 1ರಂದು ರಾಜ್ಯ ಸರಕಾರ ಘೋಷಿಸಿತು. ಒಳ್ಳೆಯದೇ, ಆದರೆ ರೂಪಾಯಿಯ ಉಳಿತಾಯದಿಂದಲೇ ಕಟ್ಟಡದ ಗುಣ ಅಳೆಯುವವರಿಗೆ ಇಂಥ ಶಾಲೆಯ ಚಾವಣಿ ಇನ್ನಷ್ಟು ಕಾಣದಂತಾಗುತ್ತದೆ.

ಇಲ್ಲಿ ಹೊಂದಾಣಿಕೆ ಮಾಡಬೇಕಾದುದು ಒಳಗಿನ ಉಷ್ಣತೆಗೆ. ಇದನ್ನು ಅರಿತ ಅಧ್ಯಯನಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಂಟೊ ಮಣಿ ಮತ್ತು ಸಂಗಡಿಗರು ಸುಗ್ಗನಹಳ್ಳಿಯ ಸಾಂಪ್ರದಾಯಿಕ ಮನೆಗಳನ್ನೂ ಹೊಸ ಸಾಮಗ್ರಿಗೆ ಬದಲಾದ ಮನೆಗಳನ್ನೂ ಒಳಗಿನ ಉಷ್ಣತೆ ಅಳೆದೇ ಹೋಲಿಸಿ 2014ರಲ್ಲಿ ಪ್ರಬಂಧ ಪ್ರಕಟಿಸಿದರು. ದಾರಿ ಅದು. ಆದರೆ ಉಷ್ಣತೆಗೆ ಹೊಂದಿಸುವಾಗಲೂ ಹಲವರು ಹಳೆಯ ಶೇಕಡವನ್ನೇ ಎತ್ತಿ ತರುತ್ತಾರೆ. ಭೌತವಿಜ್ಞಾನ ಕಲಿಸುವವನಿಗೆ ಇದು ಸಹಿಸಲಾಗದ ತಪ್ಪು. ಯೂನಿಟ್ಟಿಗೆ ನಿಜವಾದ ಸೊನ್ನೆ ಇದೆ. ಸೆಲ್ಸಿಯಸ್‌ನ ಸೊನ್ನೆ ನಾವು ಇಟ್ಟುಕೊಂಡದ್ದು. ಕೋಣೆಯ ಸರಾಸರಿ 32 ಡಿಗ್ರಿ ಸೆಲ್ಸಿಯಸ್ ಇದ್ದರೆ ಗಂಟೆಯ ಲೆಕ್ಕದ ಶೇ. 30 ಎಂದರೆ 9.6 ಡಿಗ್ರಿ ತಪ್ಪಿಗೆ ಅನುಮತಿ. ಅದೇ ಅಳತೆಯನ್ನು ಫ್ಯಾರನ್‌ಹೀಟ್‌ಗೆ ಬದಲಿಸಿ ಲೆಕ್ಕ ಹಾಕಿದರೆ ಸುಮಾರು 15 ಸೆಲ್ಸಿಯಸ್ ಡಿಗ್ರಿಯ ತಪ್ಪಿಗೆ ಅನುಮತಿ. ಕೆಲ್ವಿನ್‌ನಲ್ಲಿ ಹಾಕಿದರೆ 91 ಡಿಗ್ರಿ! ಅಳತೆಗೋಲು ಬದಲಿಸಿದರೆ ಫೇಲಾದ ಮಾದರಿ ಪಾಸಾಗುತ್ತದೆ ಎಂದಾದರೆ ಅದು ಪರೀಕ್ಷೆಯೇ ಅಲ್ಲ. ಉಷ್ಣತೆಯ ತಪ್ಪನ್ನು ಡಿಗ್ರಿಯಲ್ಲೇ ಹೇಳಬೇಕು. ಒಂದೋ ಒಂದೂವರೆಯೋ ಡಿಗ್ರಿ ಎಂದು ಮಿತಿ ಹಾಕಿಕೊಳ್ಳಬೇಕು.

ಡಿಗ್ರಿ ಎಷ್ಟು ಎಂಬುದಕ್ಕಿಂತ ಹೆಚ್ಚಿನ ಸುಳಿವು ಅದು ಯಾವಾಗ ಗರಿಷ್ಠವಾಗುತ್ತದೆ ಎಂಬುದರಲ್ಲಿದೆ. ವಿಜಯಪುರದ ಅಕ್ಷಾಂಶ ಸುಮಾರು 16.8 ಡಿಗ್ರಿ ಉತ್ತರ. ಮೇ ಮೊದಲ ವಾರ ಮುಗಿಯುವ ಹೊತ್ತಿಗೂ ಆಗಸ್ಟ್ ಮೊದಲ ವಾರದಲ್ಲೂ ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಆಗಸ್ಟ್‌ನಲ್ಲಿ ಮೋಡವಿರುತ್ತದೆ, ಮೇಯಲ್ಲಿ ಇಲ್ಲ. ಬಿಸಿಲಿನ ಹೊಡೆತವೆಲ್ಲ ಚಾವಣಿಗೆ. ಹೀಗೆ ಮೇಲ್ಮೈಯಲ್ಲಿ ದಿನಕ್ಕೊಮ್ಮೆ ಏರಿಳಿಯುವ ಉಷ್ಣತೆ ಅಲೆಯಾಗಿ ಒಳಗಿಳಿಯುತ್ತದೆ. ಇಳಿದಂತೆ ಕುಗ್ಗುತ್ತದೆ, ತಡವಾಗುತ್ತದೆ. ವಸ್ತುವಿನ ಉಷ್ಣ ವಿಸರಣಾಂಕವನ್ನು 86,400 ಸೆಕೆಂಡಿನಿಂದ ಗುಣಿಸಿ, ಪೈಯಿಂದ ಭಾಗಿಸಿ, ವರ್ಗಮೂಲ ತೆಗೆದರೆ ಒಂದು ಉದ್ದ ಸಿಗುತ್ತದೆ. ಪ್ರತಿಯೊಂದು ಅಷ್ಟು ಉದ್ದಕ್ಕೆ ಅಲೆ ಶೇ. 37ಕ್ಕೆ ಇಳಿಯುತ್ತದೆ, ಸುಮಾರು 3.8 ಗಂಟೆ ತಡವಾಗುತ್ತದೆ. ಕಾಂಕ್ರೀಟಿಗೆ ಈ ಉದ್ದ ಸುಮಾರು 15 ಸೆಂ.ಮೀ., ಒಣ ಮಣ್ಣಿಗೆ ಸುಮಾರು 11. ಆದ್ದರಿಂದ 12 ಸೆಂ.ಮೀ. ಆರ್‌ಸಿಸಿ ಚಾವಣಿಯಲ್ಲಿ ಅಲೆ ಹೆಚ್ಚುಕಡಿಮೆ ಅರ್ಧದಷ್ಟು ಉಳಿದು ಮೂರು ಗಂಟೆ ತಡವಾಗಿ ಒಳಮೈಗೆ ಬರುತ್ತದೆ. ಒಂದಡಿ ದಪ್ಪದ ಮೇಲ್ಮುದ್ದಿಯಲ್ಲಿ ಶೇ. 7ರಷ್ಟು ಮಾತ್ರ ಉಳಿದು ಹತ್ತು ಗಂಟೆ ತಡವಾಗಿ ಬರುತ್ತದೆ. ಈ ಸೂತ್ರ ಅಪಾರ ದಪ್ಪದ ಘನವಸ್ತುವಿಗೆ ಸೇರಿದ್ದು. ಚಾವಣಿಗೆ ಅಂದಾಜು ಮಾತ್ರ. ಆದರೂ ಮೂರು ಗಂಟೆಗೂ ಹತ್ತು ಗಂಟೆಗೂ ಇರುವ ಅಂತರ ಅಂದಾಜಿನಲ್ಲೂ ಉಳಿಯುತ್ತದೆ.

ನಮ್ಮ ಕಡೆ ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗುವ ರೂಢಿಯನ್ನು ಈ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿ. ನಡುಹಗಲಿನ ಶಾಖ ಕೆಳಗಿನ ಕೋಣೆಗೆ ತಲುಪುವುದು ನಡುರಾತ್ರಿಯ ಹೊತ್ತಿಗೆ. ಅಷ್ಟರಲ್ಲಿ ಮನೆಯವರು ಮೇಲೆ ಹೋಗಿರುತ್ತಾರೆ. ಹಗಲಲ್ಲಿ ಬಿಸಿಗಾಳಿ ಬೀಸುವಾಗ ಕಿಟಕಿ ಮುಚ್ಚಿರುತ್ತದೆ, ಸಂಜೆ ತೆರೆಯುತ್ತದೆ. ತಂತ್ರಾಂಶದಲ್ಲಿ ತಾನಾಗಿ ತುಂಬಿಕೊಂಡು ಬರುವ ವೇಳಾಪಟ್ಟಿಯಲ್ಲಿ ಇದಾವುದೂ ಇರುವುದಿಲ್ಲ. ರಾತ್ರಿ ಹತ್ತಕ್ಕೆ ಐದು ಜನ ಮಲಗುವ ಕೋಣೆಯಲ್ಲಿದ್ದಾರೆ ಎಂದು ಅದು ಲೆಕ್ಕ ಹಾಕುತ್ತದೆ. ಆ ತಪ್ಪನ್ನು ತಿದ್ದದೆ ಉತ್ತರ ಹೊಂದಿಸಹೊರಟವರು ಮಣ್ಣಿನ ಗುಣವನ್ನೇ ತಿದ್ದಿ ಕೂರುತ್ತಾರೆ. ಇನ್ನೊಂದು ಮಾತು. ವಾಸದ ಕಟ್ಟಡಗಳಿಗಾಗಿ 2018ರಲ್ಲಿ ಬಂದ ಇಕೊ ನಿವಾಸ್ ಸಂಹಿತೆ ಚಾವಣಿಯ ಶಾಖ ಸೋರಿಕೆ ಚದರ ಮೀಟರಿಗೆ, ಡಿಗ್ರಿಗೆ 1.2 ವಾಟ್ ಮೀರಬಾರದು ಎನ್ನುತ್ತದೆ. ಬರಿಯ ಆರ್‌ಸಿಸಿ ಚಾವಣಿಯಲ್ಲಿ ಇದು 3ಕ್ಕಿಂತ ಹೆಚ್ಚು. ಅದು ಫೇಲಾಗುವುದು ನ್ಯಾಯವೇ. ಒಂದಡಿ ಮೇಲ್ಮುದ್ದಿಗೆ ಲೆಕ್ಕ ಹಾಕಿದರೆ ಸುಮಾರು 1.5 ಬರುತ್ತದೆ. ಅದೂ ಫೇಲು! ತಡಮಾಡುವ ಗುಣ ಈ ಅಂಕಿಯಲ್ಲಿ ಸೇರಿಲ್ಲದಿರುವುದೇ ಕಾರಣ.

ತಡಮಾಡುವ ಗುಣದ ಅತಿದೊಡ್ಡ ಉದಾಹರಣೆ ನಮ್ಮ ಊರಲ್ಲೇ ನಿಂತಿದೆ. 1656ರಲ್ಲಿ ಮುಗಿದ ಗೋಳಗುಮ್ಮಟದ ಗೋಡೆಗಳ ದಪ್ಪ ಸುಮಾರು 3 ಮೀಟರ್. ದಿನದ ಅಲೆಗೆ ಇದು ದಾಟಲಾಗದ ದೂರ. ಆದರೆ ವರ್ಷದ ಅಲೆಗೆ ಆ ಉದ್ದ 365ರ ವರ್ಗಮೂಲದಷ್ಟು, ಅಂದರೆ 19 ಪಟ್ಟು ಹೆಚ್ಚು. ಕಲ್ಲಿನಲ್ಲಿ ಸುಮಾರು 3 ಮೀಟರ್. ಹಾಗಾಗಿ ಗೋಡೆಯ ಮೂಲಕ ದಿನ ಒಳಗೆ ಬರದಿದ್ದರೂ ಋತು ಬರುತ್ತದೆ, ಸುಮಾರು ಎರಡು ತಿಂಗಳು ತಡವಾಗಿ. ಬಾಗಿಲಿನ ಗಾಳಿ, ನೋಡಲು ಬರುವವರ ಮೈಶಾಖ ಇವುಗಳ ಲೆಕ್ಕ ಬೇರೆ. ಇಂಥ ಕಟ್ಟಡದ ಮಾದರಿಯನ್ನು ಒಂದು ವಾರದ ಅಳತೆಗೆ ಹೊಂದಿಸಿ ಮುಗಿಸಿದೆ ಎನ್ನುವವರನ್ನು ನಂಬುವುದು ಕಷ್ಟ.

ಹವಾಮಾನದ ಕಡತದ ವಿಷಯವನ್ನೂ ಹೇಳಬೇಕು. ಭಾರತದ ಊರುಗಳಿಗಾಗಿ ಇಶ್ರೇ ಸಂಘ ಸಿದ್ಧಪಡಿಸಿದ, ಬಹಳ ಕಾಲದಿಂದ ಬಳಕೆಯಲ್ಲಿರುವ ಕಡತಗಳಲ್ಲಿ ನಮಗೆ ಹತ್ತಿರದವು ಸೊಲ್ಲಾಪುರ ಮತ್ತು ಬೆಳಗಾವಿಯವು. ಸೊಲ್ಲಾಪುರ ನಮಗಿಂತ ತಗ್ಗಿನಲ್ಲಿದೆ, ಬೆಳಗಾವಿ ಎತ್ತರದಲ್ಲಿದೆ, ಸಹ್ಯಾದ್ರಿಯ ಮಳೆಗೂ ಹತ್ತಿರ. ಯಾವುದನ್ನು ಆರಿಸಿದರೂ ಒಂದು ಬಗೆಯ ತಪ್ಪು ಬರುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ: ಇವು ಯಾವ ಒಂದು ವರ್ಷದ ಹವಾಮಾನವೂ ಅಲ್ಲ. ಬೇರೆ ಬೇರೆ ವರ್ಷಗಳಿಂದ ಒಪ್ಪುವ ತಿಂಗಳುಗಳನ್ನು ಆಯ್ದು ಜೋಡಿಸಿದ ‘ಮಾದರಿ ವರ್ಷ’. ಮುಂದೆ ಕಟ್ಟುವ ಕಟ್ಟಡದ ವಿನ್ಯಾಸಕ್ಕೆ ಅದು ಸರಿ. ಹೋದ ವರ್ಷದ ಬಿಲ್ಲನ್ನು ಅದರೊಡನೆ ಹೋಲಿಸುವುದು ಒಬ್ಬರ ಜ್ವರಕ್ಕೆ ಇನ್ನೊಬ್ಬರ ನಾಡಿ ಹಿಡಿದಂತೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಮಾಪನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ಉಷ್ಣತೆ, ತೇವ, ಗಾಳಿಯ ಅಂಕಿಗಳನ್ನು ಅಲ್ಲಿಂದ ಕೇಳಿ ಪಡೆಯಬೇಕು. ಬಿಸಿಲಿನ ಅಳತೆಗೆ ಒಂದು ಉಪಾಯವಿದೆ. ಊರಿನಲ್ಲಿ ಯಾರದಾದರೂ ಮಾಳಿಗೆಯ ಮೇಲೆ ಸೌರಫಲಕ ಇದ್ದರೆ ಅದರ ಇನ್ವರ್ಟರ್ ಗಂಟೆ ಗಂಟೆಯ ಉತ್ಪಾದನೆಯನ್ನು ದಾಖಲಿಸುತ್ತದೆ. ಧೂಳು ಒರೆಸಿದ ಫಲಕವಾದರೆ, ಫಲಕ ಕಾದಾಗ ಇಳುವರಿ ತುಸು ಇಳಿಯುವುದನ್ನು ಲೆಕ್ಕಕ್ಕೆ ಹಿಡಿದರೆ, ಅದೇ ಒಂದು ಸಾಧಾರಣ ಬಿಸಿಲುಮಾಪಕ.

ತಿಳಿಯದ ಅಂಕಿಗಳನ್ನು ಒಂದೇ ಬೆಲೆಗೆ ಕಟ್ಟಿಹಾಕದೆ, ಅಳತೆಗೆ ಒಪ್ಪುವ ಎಲ್ಲ ಬೆಲೆಗಳನ್ನೂ ಅವುಗಳ ಸಂಭವನೀಯತೆಯೊಡನೆ ಉಳಿಸಿಕೊಳ್ಳುವ ವಿಧಾನವೂ ಇದೆ. ಕೆನಡಿ ಮತ್ತು ಒ’ಹೇಗನ್ 2001ರಲ್ಲಿ ಪ್ರಕಟಿಸಿದ ಸಂಖ್ಯಾಶಾಸ್ತ್ರದ ಪ್ರಬಂಧ ಇದಕ್ಕೆ ಬುನಾದಿ. ಮಾದರಿಯ ರಚನೆಯಲ್ಲೇ ಇರುವ ಕೊರತೆಯನ್ನೂ ಅದು ಒಂದು ಅಂಕಿಯಾಗಿ ಇಟ್ಟುಕೊಳ್ಳುತ್ತದೆ. ಗಣಿತ ತುಸು ಭಾರ. ಆದರೆ ಅದರ ತಿರುಳನ್ನು ತಿಕೋಟಾದ ಮಾಲೀಕನಿಗೂ ಹೇಳಬಹುದು: ‘ಪದರ ಹಾಕಿದರೆ ಶೇ. 25ರಿಂದ 40 ಉಳಿಯಬಹುದು, ಪರದೆ ಹಾಕಿದರೆ ಶೇ. 10ರಿಂದ 25, ಬಾಗಿಲು ಮುಚ್ಚಿ ಒಂದು ರಾತ್ರಿ ಅಳೆಯಲು ಬಿಟ್ಟರೆ ಯಾವುದೆಂದು ಹೇಳುತ್ತೇನೆ.’ ಹೀಗೆ ಹೇಳುವ ವರದಿ ಪ್ರಾಮಾಣಿಕ. ಶೇ. 38.7 ಎಂದು ದಶಮಾಂಶದೊಡನೆ ಹೇಳುವ ವರದಿಯನ್ನು ಕಂಡರೆ ನನಗೆ ಗುಮಾನಿ.

ಪ್ರಾಜೆಕ್ಟ್ ಮಾಡಿಸುವ ಶಿಕ್ಷಕರು ಮೂರು ವಿಷಯ ಕೇಳಬೇಕು. ಯಾವ ಯಾವ ಅಂಕಿಗಳನ್ನು ತಿದ್ದಿದಿರಿ, ಎಷ್ಟರಿಂದ ಎಷ್ಟಕ್ಕೆ? ಸುಣ್ಣ ಹಚ್ಚಿದ ಚಾವಣಿ ಕಪ್ಪು ಚಾವಣಿಯಷ್ಟು ಬಿಸಿಲು ಹೀರುತ್ತದೆ ಎಂದು ತಿದ್ದಿದ್ದರೆ ಅಲ್ಲೇ ಗುಟ್ಟು ಬಯಲಾಗುತ್ತದೆ. ಹೊಂದಾಣಿಕೆಗೆ ಬಳಸದೆ ಎತ್ತಿಟ್ಟ ಅಳತೆ ಯಾವುದು? ಮಾರ್ಚ್ ಮತ್ತು ಏಪ್ರಿಲ್‌ಗೆ ಹೊಂದಿಸಿದ ಮಾದರಿ ಮೇ ತಿಂಗಳನ್ನು ಮುಂಚಿತವಾಗಿ ಹೇಳಬೇಕು. ಕೊನೆಯದಾಗಿ, 460 ಎಂದು ಮಾತ್ರ ಹೇಳುವ ಗೋಡೆಯಿಲ್ಲದ ಮಾದರಿಗಿಂತ ನಿಮ್ಮದು ಎಷ್ಟು ಮೇಲು?

ಅಳತೆಗೆ ದೊಡ್ಡ ಉಪಕರಣವೇನೂ ಬೇಡ. ಡಿಎಸ್18ಬಿ20 ಎಂಬ ಉಷ್ಣತಾ ಸಂವೇದಕ ಅಗ್ಗವಾಗಿ ಸಿಗುತ್ತದೆ. ಆರ್ಡುಯಿನೊ ಫಲಕಕ್ಕೆ ಜೋಡಿಸಿ ಹತ್ತು ನಿಮಿಷಕ್ಕೊಮ್ಮೆ ದಾಖಲಿಸುವಂತೆ ಮಾಡುವುದು ಪಿಯುಸಿ ವಿದ್ಯಾರ್ಥಿಯ ಕೈಲಾಗುವ ಕೆಲಸ. ಒಂದನ್ನು ಚಾವಣಿಯ ಒಳಮೈಗೆ ಅಂಟಿಸಬೇಕು, ಒಂದನ್ನು ಕೋಣೆಯ ನಡುವೆ ಬೆಂಚಿನ ಎತ್ತರಕ್ಕೆ, ಇನ್ನೊಂದನ್ನು ಹೊರಗೆ ಬಿಸಿಲು ತಾಗದ ಕಡೆ ತೂಗುಹಾಕಬೇಕು. ಅದರ ನಿಖರತೆ ಅರ್ಧ ಡಿಗ್ರಿ ಆಚೀಚೆ. ಆದ್ದರಿಂದ ಮೊದಲು ಎಲ್ಲವನ್ನೂ ಒಟ್ಟಿಗೆ, ಪುಡಿಮಾಡಿದ ಮಂಜುಗಡ್ಡೆ ಮತ್ತು ನೀರು ತುಂಬಿದ ಥರ್ಮಾಸಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಯಾವುದು ಸೊನ್ನೆಯಿಂದ ಎಷ್ಟು ದೂರ ತೋರಿಸುತ್ತದೆ ಎಂದು ಒಂದೊಂದರ ಹೆಸರಿನಲ್ಲಿ ಬರೆದಿಟ್ಟುಕೊಳ್ಳಬೇಕು. ಎರಡನೆಯ ಬಿಂದುವಾಗಿ ಕುದಿಯುವ ನೀರನ್ನು ಬಳಸುವವರು ವಿಜಯಪುರ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ ಎಂಬುದನ್ನು ಮರೆಯಬಾರದು. ಇಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಗೆ.